ಮಂಜಿನೊಳಗೆ ನಿಂತು 400 ಮೀಟರ್ ಎಂದ ಡಬ್ಬಿ

ಧನುರ್ಮಾಸದ ಬೆಳಿಗ್ಗೆ ಆರೂವರೆ. ಶ್ರೀರಂಗಪಟ್ಟಣದ ನಮ್ಮ ತಾರಸಿಯಿಂದ ನೋಡಿದರೆ ಎದುರು ಮನೆಯ ತೆಂಗಿನ ಮರಕ್ಕೆ ಬುಡವಿದೆ, ತಲೆಯಿಲ್ಲ. ರೆಪ್ಪೆಯ ಮೇಲೆ ಹನಿ ಕೂರುವಷ್ಟು ದಟ್ಟ ಮಂಜು. ಮಂಜೆಂದರೆ ನೆಲಕ್ಕಿಳಿದ ಮೋಡ. ಅಂದರೆ ಮೋಡದ ಬುಡ ನನ್ನ ಚಪ್ಪಲಿಯ ಮಟ್ಟದಲ್ಲಿದೆ. ಆದರೆ ಎರಡು ತಿಂಗಳು ಕೂತು ಕಟ್ಟಿದ ನನ್ನ ಹವಾಮಾನ ಕೇಂದ್ರ ಮೊಬೈಲ್‌ನಲ್ಲಿ ತೋರಿಸುತ್ತಿದ್ದುದೇ ಬೇರೆ: ಉಷ್ಣತೆ 19.2, ತೇವಾಂಶ ಶೇ 82, ಮೋಡದ ಬುಡ 400 ಮೀಟರ್.

ಬೆಸುಗೆ, ವೈಫೈ, ಬ್ಯಾಟರಿಯ ಕಥೆ ಬೇಡ. ಅದೆಲ್ಲ ನಿಮಗೆ ಗೊತ್ತಿರುವುದೇ. ಒತ್ತಡ, ಉಷ್ಣತೆ, ತೇವಾಂಶ ಮೂರನ್ನೂ ಅಳೆಯುವ ಸೆನ್ಸರ್ ಬಿಎಂಇ280, ಮಿದುಳು ಇಎಸ್‌ಪಿ32 ಎಂಬ ವೈಫೈ ಬೋರ್ಡು. ಸೆನ್ಸರ್ ತರಿಸಿದ ಪ್ರಸಂಗವನ್ನು ಮಾತ್ರ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಆನ್‌ಲೈನ್ ಅಂಗಡಿಯೊಂದು ಬಿಎಂಇ ಎಂದು ದುಡ್ಡು ಇಸಿದುಕೊಂಡು ಕಳಿಸಿದ್ದು ಬಿಎಂಪಿ280. ಒತ್ತಡ ಅಳೆಯುತ್ತದೆ, ಉಷ್ಣತೆ ಅಳೆಯುತ್ತದೆ, ತೇವಾಂಶದ ಗೊಡವೆಗೇ ಹೋಗುವುದಿಲ್ಲ. ಚಿಪ್ ತಾನೇ ಹೇಳುವ ಗುರುತು ಸಂಖ್ಯೆ ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) 60 ಬರಬೇಕಾದ ಜಾಗದಲ್ಲಿ 58 ಬಂದಾಗಲೇ ಮೋಸ ಗೊತ್ತಾದದ್ದು. ಬದಲಿಸಿ ಕೊಡಿ ಎಂದರೆ, "ಸರ್, ಒಂದೇ ಅಕ್ಷರ ತಾನೇ ವ್ಯತ್ಯಾಸ" ಎಂಬ ಉತ್ತರ. ಅನ್ನಕ್ಕೂ ಸುಣ್ಣಕ್ಕೂ ಇರುವ ವ್ಯತ್ಯಾಸವೂ ಅಷ್ಟೇ ಸಣ್ಣದು ಸ್ವಾಮಿ. ಎರಡನೆಯ ಸಲ ಸರಿಯಾದದ್ದೇ ಬಂತು, ಹದಿನೇಳು ದಿನಕ್ಕೆ.

ಈಗ ಆ 400 ಮೀಟರ್. ಲೆಕ್ಕದಲ್ಲಿ ತಪ್ಪಿಲ್ಲ. ಮೇಲೇರುವ ಗಾಳಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ ತಣಿಯುತ್ತದೆ. ಅದರ ಇಬ್ಬನಿ ಬಿಂದು, ಅಂದರೆ ಆವಿ ಹನಿಯಾಗತೊಡಗುವ ಉಷ್ಣತೆ, ನೂರು ಮೀಟರಿಗೆ 0.2 ಡಿಗ್ರಿಯಷ್ಟು ಮಾತ್ರ ಇಳಿಯುತ್ತದೆ. ಎರಡರ ನಡುವಿನ ಅಂತರ ಹಾಗೆ ನೂರು ಮೀಟರಿಗೆ 0.8 ಡಿಗ್ರಿ ಸವೆಯುತ್ತಾ ಹೋಗಿ, ಸೊನ್ನೆಯಾದ ಎತ್ತರದಲ್ಲಿ ಆವಿ ಧೂಳು, ಹೊಗೆ, ಉಪ್ಪಿನ ಕಣಗಳನ್ನು ಹಿಡಿದುಕೊಂಡು ಹನಿಯಾಗುತ್ತದೆ. ನೆಲದಲ್ಲಿ ಒಂದು ಡಿಗ್ರಿ ಅಂತರವಿದ್ದರೆ ಮೋಡದ ಬುಡ 125 ಮೀಟರ್ ಮೇಲೆ. ನನ್ನ ಡಬ್ಬಿಯ ಪ್ರಕಾರ ಇಬ್ಬನಿ ಬಿಂದು 16, ಅಂತರ 3.2; ಗುಣಿಸಿದರೆ 400. ಗಣಿತ ಸರಿ, ಗಾಳಿ ತಪ್ಪು!

ಗುಮಾನಿಯೆಲ್ಲ ತೇವಾಂಶದ ಮೇಲೆ ಹೋಯಿತು. ಮಂಜಿನಲ್ಲಿ ಶೇ 100 ಇರಬೇಕು, 82 ತೋರಿಸುತ್ತಿದೆ. ಇನ್ನೇನು ಸಾಕ್ಷಿ ಬೇಕು? ಉಪ್ಪಿನ ಪರೀಕ್ಷೆ ಮಾಡಿದೆ. ಒದ್ದೆ ಉಪ್ಪಿನ ಜೊತೆ ಇಡೀ ಡಬ್ಬಿಯನ್ನು ದೊಡ್ಡ ಡಬರಿಯಲ್ಲಿಟ್ಟು ಮುಚ್ಚಿದರೆ ಶೇ 75 ತೋರಿಸಬೇಕು. ಬಂದದ್ದು 65. ಸಿಕ್ಕಿಬಿದ್ದ ಕಳ್ಳ ಎಂದುಕೊಂಡು ಕೋಡ್‌ನಲ್ಲಿ ನೇರವಾಗಿ 10 ಕೂಡಿಸಿಬಿಟ್ಟೆ. ಮರುದಿನ ಮತ್ತೆ ಮಂಜು. ಈಗ ಮೋಡದ ಬುಡ 165 ಮೀಟರ್. ಸುಳ್ಳನ್ನು ಅರ್ಧಕ್ಕೆ ಇಳಿಸಿದ ಸಾಧನೆ.

ಈ ಗಂಟು ಬಿಡಿಸಿದ್ದು ಅಡುಗೆಮನೆಯ ಸ್ಟೀಲ್ ಲೋಟ. ಕೂಡಿಸಿದ್ದ ಹತ್ತನ್ನು ತೆಗೆದು, ಮಧ್ಯಾಹ್ನ ಮೂರಕ್ಕೆ ತಾರಸಿಯ ನೆರಳಿನಲ್ಲಿ ಕೂತೆ. ಲೋಟದಲ್ಲಿ ನೀರು, ಅದಕ್ಕೊಂದು ಥರ್ಮಾಮೀಟರ್. ಐಸ್ ಚೂರುಗಳನ್ನು ಒಂದೊಂದಾಗಿ ಹಾಕುತ್ತಾ ಕಲಕಿದೆ. 18ಕ್ಕೆ ಲೋಟ ಹೊಳೆಯುತ್ತಿತ್ತು. 16ಕ್ಕೂ ಹಾಗೆಯೇ. 15.2ಕ್ಕೆ ನೀರಿನ ಮಟ್ಟದ ಕೆಳಗೆ ಕನ್ನಡಿಗೆ ಉಸಿರು ಬಿಟ್ಟಂತೆ ಮಸುಕು ಕಟ್ಟಿತು. ಬೆರಳೆಳೆದರೆ ಗೆರೆ ಮೂಡಿತು. ಅದೇ ಇಬ್ಬನಿ ಬಿಂದು. ಡಬ್ಬಿ ಹೇಳುತ್ತಿದ್ದುದು 15.0.

ಲೋಟ ಹಿಡಿದು ಹಾಗೆಯೇ ಕೂತುಬಿಟ್ಟೆ. ಇಬ್ಬನಿ ಬಿಂದು ಮೊದಲಿನಿಂದಲೂ ಸರಿಯಾಗಿಯೇ ಬರುತ್ತಿತ್ತು. ಕಳ್ಳ ಉಷ್ಣತೆ. ಐದು ಸೆಕೆಂಡಿಗೊಮ್ಮೆ ವೈಫೈಯಲ್ಲಿ ಕೂಗಿಕೊಳ್ಳುವ ಇಎಸ್‌ಪಿ32 ಮತ್ತು ಸೆನ್ಸರನ್ನು ಒಂದೇ ಮುಚ್ಚಿದ ಡಬ್ಬಿಗೆ ತುರುಕಿದ್ದೆ. ಬೋರ್ಡಿನ ಬಿಸಿಗೆ ಸೆನ್ಸರಿನ ಸುತ್ತಲ ಗಾಳಿ ಮೂರು ಡಿಗ್ರಿ ಕಾದಿತ್ತು. ಕಾದ ಗಾಳಿಯಲ್ಲಿ ನೀರಿನ ಆವಿ ಅಷ್ಟೇ ಇರುತ್ತದೆ, ಶೇಕಡಾವಾರು ಮಾತ್ರ ಇಳಿಯುತ್ತದೆ. ಆ 82 ಸುಳ್ಳಲ್ಲ, ಡಬ್ಬಿಯೊಳಗಿನ ಸೆಕೆಯ ಪ್ರಾಮಾಣಿಕ ವರದಿ. ಉಪ್ಪಿನ ಪರೀಕ್ಷೆಯಲ್ಲಿ ಹತ್ತು ಕಡಿಮೆ ಬಂದದ್ದೂ ಇದೇ ಕಾರಣಕ್ಕೆ. ನಾನು ನೋಯುವ ಕಾಲನ್ನು ಬಿಟ್ಟು ಇನ್ನೊಂದು ಕಾಲಿಗೆ ಕಟ್ಟು ಹಾಕಿದ್ದೆ. ಇಷ್ಟನ್ನೂ ಅಮ್ಮನಿಗೆ ವಿವರಿಸಿದರೆ, "ಇಬ್ಬನಿ ಬಿದ್ದಿದೆಯೋ ಇಲ್ಲವೋ ತಿಳಿಯಲು ಇಷ್ಟೆಲ್ಲ ಯಾಕೆ? ಅವರೆಕಾಯಿಯ ಸೊಗಡು ನೋಡಿದರೆ ಸಾಲದೇ?" ಎಂದರು. ಅದಕ್ಕೆ ದಶಮಾಂಶ ಸ್ಥಾನವಿಲ್ಲ ಎಂಬುದಷ್ಟೇ ನನ್ನ ತಕರಾರು.

ಪರಿಹಾರ ಸುಲಭ. ಸೆನ್ಸರನ್ನು ಎರಡಡಿ ತಂತಿಯ ತುದಿಗೆ ಕಟ್ಟಿ, ಹೂಕುಂಡದ ತಟ್ಟೆಗಳನ್ನು ಬೋರಲು ಪೇರಿಸಿದ ಗೂಡಿನಲ್ಲಿ ಕೂರಿಸಿದೆ. ಬೋರ್ಡ್ ಈಗ ಹತ್ತು ನಿಮಿಷಕ್ಕೊಮ್ಮೆ ಎದ್ದು, ವರದಿ ಕೊಟ್ಟು, ಮಲಗುತ್ತದೆ. ತಟ್ಟೆ ಬಿಳಿ ಬೇಕೆಂದಿದ್ದೆ, ಕಂದು ಕಳಿಸಿದರು. ಗಿಡಕ್ಕೆ ಒಪ್ಪುತ್ತದಂತೆ. ಕಿಟಕಿಗೆ ಬಳಿದು ಉಳಿದಿದ್ದ ಬಿಳಿ ಬಣ್ಣ ಬಳಿದೆ.

ಮುಂದಿನ ವಾರ ಪರೀಕ್ಷೆ ತಾನಾಗಿ ಬಂತು. ಇಲ್ಲಿಯ ಮಾಗಿಯ ಬುದ್ಧಿ ನಿಮಗೆ ಗೊತ್ತಲ್ಲ: ಸೋಮವಾರ ಮಂಜು, ಮಂಗಳವಾರ 29 ಡಿಗ್ರಿ ಬಿಸಿಲು, ಬುಧವಾರ ಜಡಿ ಮಳೆ. ಗುರುವಾರ ಬೆಳಿಗ್ಗೆ ಮೋಡ ತಗ್ಗಿಗೆ ಕೂತಿತ್ತು. ಚಾಮುಂಡಿ ಬೆಟ್ಟದ ಕೆಳಗಿನ ಅರ್ಧ ಮಾತ್ರ ಕಾಣುತ್ತಿತ್ತು. ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್, ನಮ್ಮೂರು ಸುಮಾರು 680. ತುದಿ ನಮಗಿಂತ 380 ಮೀಟರ್ ಮೇಲೆ; ಡಿಗ್ರಿಗೆ 125ರಂತೆ, ಉಷ್ಣತೆಗೂ ಇಬ್ಬನಿ ಬಿಂದುವಿಗೂ ಅಂತರ ಮೂರು ಡಿಗ್ರಿ ದಾಟಿದಾಗ ಬೆಟ್ಟದ ನೆತ್ತಿ ಬಯಲಾಗಬೇಕು. ಒಂಬತ್ತೂವರೆಗೆ 1.8. ಹತ್ತಕ್ಕೆ 2.6. ಹತ್ತೂಕಾಲಿಗೆ 3.1 ಆಯಿತು, ಬೈನಾಕ್ಯುಲರ್‌ನಲ್ಲಿ ನೆತ್ತಿ ಬೂದಿ ಬಣ್ಣದಲ್ಲಿ ಕಂಡಿತು, ಮತ್ತೆ ಮುಚ್ಚಿಕೊಂಡಿತು. ಹದಿನೈದು ಕಿಲೋಮೀಟರ್ ಆಚೆಯ ಗಾಳಿಗೆ ನನ್ನ ತಾರಸಿಯ ಲೆಕ್ಕ ಹೊಂದಿದ್ದು ಅರ್ಧ ಅದೃಷ್ಟ ಎಂದು ಒಪ್ಪಿಕೊಳ್ಳುತ್ತೇನೆ. ಕಾಫಿಯನ್ನಂತೂ ಎರಡು ಸಲ ಕುಡಿದೆ.

ಬಂಗಾಳ ಕೊಲ್ಲಿಯ ಮೋಡಗಳಿಗೆ ಈ ಲೆಕ್ಕ ನಡೆಯುವುದಿಲ್ಲ. 2024ರ ನವೆಂಬರ್ ಕೊನೆಗೆ ಪುದುಚೇರಿ ಬಳಿ ದಡ ಸೇರಿದ ಫೆಂಗಲ್‌ನಂತಹ ಚಂಡಮಾರುತ ಬಂದಾಗ ಕವಿಯುವ ಎತ್ತರದ ಬೂದು ಹಾಸು ನಮ್ಮ ನೆಲದ ಬಿಸಿಗೆ ಹುಟ್ಟಿದ್ದಲ್ಲ, ದೂರದಿಂದ ಹಾದು ಬಂದ ಅತಿಥಿ. ಅದರ ಎತ್ತರವನ್ನು ನೆಲದ ಥರ್ಮಾಮೀಟರ್ ಹೇಳಲಾರದು. ಆ ದಿನಗಳಲ್ಲಿ ಪರದೆಯ ಮೇಲೆ ಅಂಕಿಯ ಬದಲು ಒಂದು ಅಡ್ಡಗೆರೆ ಬರುವಂತೆ ಮಾಡಬೇಕು. ಹೇಗೆಂದು ಹೊಳೆದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಆಲೆಮನೆಯ ಹೊಗೆ. ಚಳಿಯ ಬೆಳಿಗ್ಗೆ ಪಾಂಡವಪುರದ ರಸ್ತೆಯಲ್ಲಿ ನೋಡಿ: ಹೊಗೆ ನೆಟ್ಟಗೆ ಏರಿ, ಎರಡು ತೆಂಗಿನ ಮರದ ಎತ್ತರದಲ್ಲಿ ಸೂರು ತಾಗಿದಂತೆ ಅಡ್ಡಲಾಗಿ ಹರಡಿಕೊಳ್ಳುತ್ತದೆ. ರಾತ್ರಿ ನೆಲ ತಣಿದು, ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯದು. ಆ ಸೂರನ್ನು ಅಳೆಯಬೇಕು: ಒಂದು ಸೆನ್ಸರ್ ಗದ್ದೆಯ ಬದುವಿನಲ್ಲಿ, ಇನ್ನೊಂದು ಗೆಳೆಯನ ತೋಟದ ನೀರಿನ ಟ್ಯಾಂಕಿನ ತಲೆಯ ಮೇಲೆ. ಇನ್ನೆರಡು ಬಿಎಂಇ ಬೇಕು. ಈ ಸಲ ಅಂಗಡಿಗೇ ಹೋಗಿ, ಭೂತಗನ್ನಡಿ ಹಿಡಿದು ಚಿಪ್ ಬಿಎಂಇಯಂತೆ ಚೌಕವಾಗಿದೆಯೋ ಬಿಎಂಪಿಯಂತೆ ಉದ್ದವಾಗಿದೆಯೋ ನೋಡಿಯೇ ದುಡ್ಡು ಕೊಡುತ್ತೇನೆ.