ತುಂಗಾ ಮತ್ತೆ ತೊಟ್ಟಿಲಿಗೆ ಬರಲಿ

ಹೆಣ್ಣುಮಗುವಿಗೆ ಹಳೇ ಹೆಸರು ಹುಡುಕುವವರ ಪಟ್ಟಿಯಲ್ಲಿ ಗೌರಿ, ಜಾನಕಿ, ವೈದೇಹಿ, ಮೈಥಿಲಿ ಇದ್ದೇ ಇರುತ್ತವೆ. ಚಂದದ ಹೆಸರುಗಳೇ, ಆದರೆ ಇವೆಲ್ಲ ಆಗಲೇ ಮರಳಿ ಬಂದಾಗಿದೆ. ತುಂಗಾ ಮಾತ್ರ ಇನ್ನೂ ಹೊಳೆಯಲ್ಲೇ ಉಳಿದಿದೆ. ಅಜ್ಜಿಯ ಅಜ್ಜಿಯರಲ್ಲಿ ತುಂಗಮ್ಮ, ತುಂಗಾಬಾಯಿ ಎಂದು ಕರೆಸಿಕೊಂಡವರಿದ್ದರು. ಆಮೇಲೆ ಈ ಹೆಸರು ಸದ್ದಿಲ್ಲದೆ ಹಿಂದೆ ಸರಿಯಿತು. ಅದಕ್ಕೆ ಮತ್ತೆ ಕಾಲ ಕೂಡಿಬಂದಿದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹಳೇ ಹೆಸರೆಲ್ಲ ಒಟ್ಟಿಗೆ ಮರಳುವುದಿಲ್ಲ. ಅಮ್ಮ, ಅತ್ತೆ, ಚಿಕ್ಕಮ್ಮಂದಿರ ತಲೆಮಾರಿನ ಮಂಜುಳಾ, ಸುಜಾತಾ, ಶೋಭಾ, ಲತಾ ಕೇಳಿದ ಕೂಡಲೇ ಗೊತ್ತಿರುವ ಯಾರದೋ ಮುಖ, ಯಾರದೋ ದನಿ ನೆನಪಾಗುತ್ತದೆ. ಎಳೆಗೂಸಿಗೆ ಅದು ಹೊಂದಿಕೊಳ್ಳುವುದು ಕಷ್ಟ. ಮುತ್ತಜ್ಜಿಯ ಕಾಲದ ಹೆಸರಿಗೆ ಆ ತೊಡಕಿಲ್ಲ. ಅದನ್ನು ಹೊತ್ತವರನ್ನು ಗೋಡೆಯ ಫೋಟೋದಲ್ಲಷ್ಟೇ ನೋಡಿರುತ್ತೇವೆ. ಇನ್ನೊಂದು, ಹೆಸರಿನ ಬಾಲ. ಹೆಸರಿಗೆ ವಯಸ್ಸಾಗಿದೆ ಎನ್ನಿಸುವುದು ಹೆಚ್ಚಾಗಿ ಅಮ್ಮ, ಅಕ್ಕ, ಅವ್ವ, ಬಾಯಿ ಎಂಬ ಬಾಲದಿಂದ. ಅದನ್ನು ಕಳಚಿದ ಮೇಲೂ ಹೆಸರು ತನ್ನ ಕಾಲ ಮೇಲೆ ನಿಲ್ಲಬೇಕು. ಗೌರಮ್ಮ ಗೌರಿಯಾಗಿ ನಿಂತಳು. ನಂಜಮ್ಮ, ಪುಟ್ಟಮ್ಮ, ಸಾಕಮ್ಮನಲ್ಲಿ ಅಮ್ಮ ತೆಗೆದರೆ ಉಳಿಯುವುದು ಹೆಸರಾಗುವುದಿಲ್ಲ. ತುಂಗಮ್ಮನೊಳಗಿನ ತುಂಗಾ ಸಲೀಸಾಗಿ ಹೊರಬರುತ್ತಾಳೆ.

ಮನೆಯಲ್ಲಿ ಮೊದಲು ಏಳುವ ಆಕ್ಷೇಪ, ನದಿಯ ಹೆಸರು ಹೆಣ್ಣಿಗೆ ಬೇಡ ಎನ್ನುವುದು. ಇದರ ಮೂಲ ಮನುಸ್ಮೃತಿಯ 3ನೇ ಅಧ್ಯಾಯ. ನಕ್ಷತ್ರ, ಮರ, ನದಿಯ ಹೆಸರಿನ ಕನ್ಯೆಯನ್ನು ವರಿಸಬಾರದು ಎಂಬ ಮಾತು ಅಲ್ಲಿದೆ. ಕಾವೇರಿ, ಗೋದಾವರಿ, ರೋಹಿಣಿ, ರೇವತಿ, ತುಳಸಿಯರು ಇಷ್ಟೊಂದು ಇರುವ ನಾಡು ಆ ಮಾತನ್ನು ಎಂದೂ ಕಿವಿಗೆ ಹಾಕಿಕೊಂಡಿಲ್ಲ. ಹಿರಿಯರು ಅದೇ ಗ್ರಂಥವನ್ನು ಮುಂದಿಟ್ಟರೆ 2ನೇ ಅಧ್ಯಾಯವನ್ನೂ ತೋರಿಸಿ: ಹೆಣ್ಣಿನ ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು, ಅರ್ಥ ಸ್ಪಷ್ಟವಿರಬೇಕು, ದೀರ್ಘಾಕ್ಷರದಲ್ಲಿ ಮುಗಿಯಬೇಕು. ತುಂಗಾ ಎಂದರೆ ಎತ್ತರದವಳು, ಉನ್ನತಳು. ಮೂರಕ್ಕೂ ಸರಿ.

ನಕ್ಷತ್ರ ನೋಡಿ ಇಡುವವರಿಗೆ: ವಿಶಾಖಾ ನಕ್ಷತ್ರದ ನಾಲ್ಕು ಪಾದಗಳ ಅಕ್ಷರ ತೀ, ತೂ, ತೇ, ತೋ. ತುಂಗಾ 2ನೇ ಪಾದಕ್ಕೆ ಹೊಂದುತ್ತದೆ. ಮಗು ಬೇರೆ ನಕ್ಷತ್ರದಲ್ಲಿ ಹುಟ್ಟಿದ್ದರೆ ಹೆಸರನ್ನೇ ಕೈಬಿಡಬೇಕಿಲ್ಲ. ನಾಮಕರಣದಲ್ಲಿ ನಕ್ಷತ್ರನಾಮ, ಮಾಸನಾಮ, ದೇವತಾನಾಮದ ಜೊತೆಗೆ ವ್ಯಾವಹಾರಿಕ ನಾಮವನ್ನು ಬೇರೆಯಾಗಿಯೇ ಇಡುತ್ತಾರೆ. ತುಂಗಾ ಆ ಕೊನೆಯ ಜಾಗಕ್ಕೆ ಬರಲಿ.

ಶಾಲೆಯಲ್ಲಿ ಯಾರಾದರೂ ಪ್ರಾಸ ಹೊಸೆದು "ತುಂಗಾ ಮಂಗ" ಎಂದೇ ಎನ್ನುತ್ತಾರೆ. ಗಂಗಾ ಎಂಬ ಹೆಸರಿಗೂ ಇದೇ ಕಾಟ, ಆದರೂ ಗಂಗಾ ಬಾಳಿದೆ. ಇದಕ್ಕಾಗಿ ಹೆಸರು ಬಿಡಬೇಡಿ.

ನಿಜವಾದ ತೊಂದರೆ ಕಾಗದಪತ್ರದಲ್ಲಿದೆ. ಕನ್ನಡದಲ್ಲಿ ಕೊನೆಯ ದೀರ್ಘ ಬಿಟ್ಟು "ತುಂಗ" ಎಂದು ಟೈಪಾದರೆ ಅದು ಹುಡುಗನ ಹೆಸರಾಗುತ್ತದೆ. ನೃಪತುಂಗ, ಜಗತ್ತುಂಗ, ಶುಭತುಂಗ ಎಂದು ರಾಷ್ಟ್ರಕೂಟರ ದೊರೆಗಳೇ ಬಿರುದು ಧರಿಸಿದ ಪದವದು. ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಂದು ಗೋಜಲು. ನಮ್ಮವರು "ತ" ಎಂಬುದಕ್ಕೆ ಟಿ ಮುಂದೆ ಎಚ್ ಸೇರಿಸುತ್ತಾರೆ. ಉತ್ತರದವರು ಅದನ್ನು "ಥುಂಗಾ" ಎಂದು ಓದುತ್ತಾರೆ. ಎಚ್ ಬಿಟ್ಟರೆ ಕೆಲವರ ಬಾಯಲ್ಲಿ "ಟುಂಗಾ" ಆಗುತ್ತದೆ. ನನ್ನ ಸಲಹೆ ಎಚ್ ಇಲ್ಲದ ಐದಕ್ಷರದ ಟಿ-ಯು-ಎನ್-ಜಿ-ಎ. ನದಿಯ ಹೆಸರನ್ನು ಭೂಪಟಗಳಲ್ಲಿ ಸಾಮಾನ್ಯವಾಗಿ ಬರೆಯುವುದೂ ಹಾಗೆಯೇ. ಸಂಖ್ಯಾಶಾಸ್ತ್ರದ ಮಾತು ಕೇಳಿ ಕೊನೆಗೆ ಇನ್ನೊಂದು ಎ ಅಂಟಿಸಿದರೆ ಒಂದು ದಾಖಲೆಯಲ್ಲಿ ಒಂದು ಎ, ಇನ್ನೊಂದರಲ್ಲಿ ಎರಡು ಎ ಬಂದು ಮಗಳು ಬೆಳೆದ ಮೇಲೂ ಅಫಿಡವಿಟ್ಟಿಗೆ ಅಲೆಯಬೇಕಾಗುತ್ತದೆ.

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಗೆ ಆ ಆತುರವಿಲ್ಲ. ಹೆಸರಿಲ್ಲದೆ ನೋಂದಣಿಯಾದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ. ಹೆಸರು ಇನ್ನೂ ಗಟ್ಟಿಯಾಗದಿದ್ದರೆ ಆಸ್ಪತ್ರೆಯ ಫಾರಂನಲ್ಲಿ ಆ ಜಾಗ ಖಾಲಿ ಬಿಡುವುದೇ ಲೇಸು, ಏಕೆಂದರೆ ಒಮ್ಮೆ ಬರೆಸಿದ ಹೆಸರನ್ನು ಬದಲಿಸುವುದು ಖಾಲಿ ಜಾಗ ತುಂಬಿಸಿದಷ್ಟು ಸುಲಭವಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನ್ಮದಿನಾಂಕದ ಪುರಾವೆ ಜನನ ಪ್ರಮಾಣಪತ್ರವೇ. ಹಾಗಾಗಿ ಅರ್ಜಿಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬಿಡಿಬಿಡಿಯಾಗಿ ಬರೆದುಕೊಡಿ. ಮುದ್ರಿತ ಪ್ರತಿ ಕೈಗೆ ಬಂದ ಕೂಡಲೇ "ಗಾ" ದೀರ್ಘವಿದೆಯೇ ನೋಡಿ.

ಇಷ್ಟು ಗಿಡ್ಡ ಹೆಸರು ಒಂಟಿಯಾಗಿ ಇರಬಾರದು. ಹೆಸರಿನ ಮುಂದೆ ಬರೀ ಇನಿಷಿಯಲ್ ಇಟ್ಟರೆ ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆಯಬೇಕಾಗುತ್ತದೆ. ಒಂದೇ ಪದದ ಪಾಸ್‌ಪೋರ್ಟ್ ಇದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ "ಎಫ್‌ಎನ್‌ಯು", ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು ಬೀಳುತ್ತದೆ. ತಂದೆಯದೋ ತಾಯಿಯದೋ ಹೆಸರು, ಇಲ್ಲವೇ ಮನೆತನದ ಹೆಸರನ್ನು ಜನನ ನೋಂದಣಿಯಲ್ಲೇ ಪೂರ್ತಿಯಾಗಿ ಎರಡನೇ ಪದವಾಗಿ ಸೇರಿಸಿ. ಆ ಎರಡನೇ ಪದ ಉದ್ದವಿದ್ದಷ್ಟೂ ತುಂಗಾ ಕಿವಿಗೆ ಚೆನ್ನ.

ಅವಳಿ ಹೆಣ್ಣುಮಕ್ಕಳಾದರೆ ತುಂಗಾ, ಭದ್ರಾ ಎಂಬ ಜೋಡಿ ತಾನಾಗಿ ಬಾಯಿಗೆ ಬರುತ್ತದೆ. ಎರಡೂ ಗಂಗಾಮೂಲದಲ್ಲಿ ಹುಟ್ಟಿ ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಒಂದಾಗುವ ಹೊಳೆಗಳು. ಆದರೆ ಪಂಚಾಂಗದಲ್ಲಿ ಭದ್ರಾ ಎಂದರೆ ವಿಷ್ಟಿ ಕರಣ, ಅಂದರೆ ಶುಭಕಾರ್ಯಕ್ಕೆ ಆಗದೆಂದು ಬಿಡುವ ಹೊತ್ತು. ಕೆಲವು ಹಿರಿಯರು ಅಲ್ಲೇ ತಡೆಯುತ್ತಾರೆ, ಮೊದಲೇ ಕೇಳಿಕೊಳ್ಳಿ. ಅವರು ಒಪ್ಪದಿದ್ದರೆ ತುಂಗಭದ್ರೆಯನ್ನು ಸೇರುವ ಹೊಳೆಗಳಲ್ಲೇ ವರದಾ, ಕುಮುದ್ವತಿ, ವೇದಾವತಿ ಇದ್ದಾರೆ. ಕುಮುದ್ವತಿಯ "ದ್ವ" ಫಾರಂಗಳಲ್ಲಿ ತಪ್ಪಾಗುವುದು ಹೆಚ್ಚು, ವೇದಾವತಿಯನ್ನು ಕರೆಯುವಾಗ ವೇದಾ ಅಷ್ಟೇ ಉಳಿಯುತ್ತದೆ. ತುಂಗಾಳ ಪಕ್ಕ ನಿಲ್ಲಿಸಲು ನಾನಾದರೆ ವರದಾಳನ್ನೇ ಆರಿಸುತ್ತೇನೆ.