ಹೂ ಇಲ್ಲದಿದ್ದರೂ ಗೌರಿ ಹೂವೇ

ಅಲೆಯಲೆಯಾದ ಆರು ಎಸಳು, ಬುಡ ಹಳದಿ, ತುದಿ ಕೆಂಪು, ಎಲ್ಲವೂ ಬೆಂಕಿಯ ನಾಲಿಗೆಯಂತೆ ಹಿಂದಕ್ಕೆ ಬಾಗಿರುತ್ತವೆ. ಅರಳಿದ ಗೌರಿ ಹೂವನ್ನು ಯಾರು ಬೇಕಾದರೂ ಗುರುತಿಸುತ್ತಾರೆ, ಅಲ್ವಾ? ಹೂ ಇಲ್ಲದಾಗ ಎಲೆಯ ತುದಿ ನೋಡಿ. ದಾರದಷ್ಟು ತೆಳ್ಳಗಾಗಿ, ಸುರುಳಿ ಸುತ್ತಿಕೊಂಡು ಪಕ್ಕದ ಕಡ್ಡಿಯನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಬಳ್ಳಿ ಮೇಲೆ ಹತ್ತುವುದು ಹೀಗೆ, ಎಲೆಯ ತುದಿಯಿಂದಲೇ! ನನಗಂತೂ ಹೂವಿಗಿಂತ ಇದೇ ಜಾಸ್ತಿ ಇಷ್ಟ. ಚಿತ್ರ ತೆಗೆಯುವವರು ಯಾಕೋ ಎಲೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಕಾಯಿ ಉದ್ದಕ್ಕಿರುತ್ತದೆ. ಒಣಗಿ ಮೂರು ಹೋಳಾಗಿ ಬಿರಿದಾಗ ಸಾಲಾಗಿ ಕೂತ ಕೆಂಪು ಬೀಜಗಳು ಕಾಣುತ್ತವೆ. ಮಕ್ಕಳು ಜೊತೆಗಿದ್ದರೆ ಜೋಪಾನ. ಗೆಡ್ಡೆಯಿಂದ ಬೀಜದವರೆಗೆ ಇಡೀ ಗಿಡದಲ್ಲಿ ಕಾಲ್ಚಿಸಿನ್ ಅನ್ನೋ ವಿಷವಿದೆ. ಸುಮ್ನೆ ರುಚಿ ನೋಡೋಣ ಅನ್ನೋ ಗಿಡವಲ್ಲ ಇದು.