ಮಡಕೆಯ ನೀರು ತಣಿಯದ ಮೂರು ದಿನಗಳು

ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುವ ನನಗೆ ಪ್ರತಿ ವರ್ಷವೂ ಎರಡು ಮೂರು ಬಾರಿ ಶಾಲಾ ಮಕ್ಕಳ ವಿಜ್ಞಾನ ಮೇಳಗಳಲ್ಲಿ ತೀರ್ಪುಗಾರನಾಗುವ ಹೊಣೆ ಬರುತ್ತದೆ. ಈ ಕೆಲಸವನ್ನು ನನಗೆ ನಿಜವಾಗಿ ಕಲಿಸಿದ್ದು ಮೊದಲ ವರ್ಷಗಳಲ್ಲಿ ನಾನು ಕೊಟ್ಟ ಒಂದು ತಪ್ಪು ತೀರ್ಪು.

ಅಂದು ಎಂಟನೆಯ ತರಗತಿಯ ಒಬ್ಬ ಹುಡುಗಿ ಎರಡು ಮಣ್ಣಿನ ಮಡಕೆ, ಒಂದು ಉಷ್ಣತಾಮಾಪಕ ಮತ್ತು ಒಂದು ನೋಟ್‌ಬುಕ್ ಇಟ್ಟುಕೊಂಡು ನಿಂತಿದ್ದಳು. ಒಂದೇ ಅಳತೆಯ ಆ ಮಡಕೆಗಳಲ್ಲಿ ಒಂದರ ಹೊರಮೈಗೆ ಎಣ್ಣೆಬಣ್ಣ ಬಳಿದು, ಎರಡಕ್ಕೂ ಅಷ್ಟೇ ನೀರು ತುಂಬಿ, ಮನೆಯ ಜಗುಲಿಯಲ್ಲಿಟ್ಟು, ಹದಿನೆಂಟು ದಿನ ಬೆಳಿಗ್ಗೆ ಮತ್ತು ಮಧ್ಯಾಹ್ನ ನೀರಿನ ಉಷ್ಣತೆಯನ್ನು ಬರೆದಿಟ್ಟಿದ್ದಳು. ಪಕ್ಕದ ಮೇಜಿನ ಮೇಲೆ ಥರ್ಮೋಕೋಲಿನ ಅಣೆಕಟ್ಟು, ಮಿನುಗುವ ದೀಪಗಳು, ಹರಿಯುವ ನೀರು ಇದ್ದವು. ಮಡಕೆಯ ನೀರು ತಣ್ಣಗಿರುವುದು ಎಲ್ಲರಿಗೂ ಗೊತ್ತಿರುವ ವಿಷಯ, ಇದರಲ್ಲಿ ಹೊಸತೇನಿದೆ ಎಂದುಕೊಂಡು ಅವಳಿಗೆ ಕಡಿಮೆ ಅಂಕ ಹಾಕಿ ಮುಂದಕ್ಕೆ ಹೋದೆ. ಬಹುಮಾನ ಅಣೆಕಟ್ಟಿಗೆ ಸಂದಿತು.

ಫಲಿತಾಂಶದ ಹಾಳೆಗೆ ಸಹಿ ಹಾಕಿದ ನಂತರ, ಬಸ್ಸಿಗೆ ಇನ್ನೂ ಸಮಯವಿದ್ದುದರಿಂದ, ಆ ನೋಟ್‌ಬುಕ್ಕನ್ನು ಬಿಡಿಸಿ ನೋಡಿದೆ. ಬಹುತೇಕ ದಿನಗಳಲ್ಲಿ ಬಣ್ಣವಿಲ್ಲದ ಮಡಕೆಯ ನೀರು ಇನ್ನೊಂದಕ್ಕಿಂತ ನಾಲ್ಕೈದು ಡಿಗ್ರಿ ತಂಪಾಗಿತ್ತು, ಆದರೆ ಮೂರು ದಿನ ವ್ಯತ್ಯಾಸ ಒಂದು ಡಿಗ್ರಿಯನ್ನೂ ಮುಟ್ಟಿರಲಿಲ್ಲ. ಆ ಮೂರು ದಿನಗಳ ಎದುರು ಅವಳು ‘ಸೋನೆ ಮಳೆ, ಬಟ್ಟೆಯೂ ಒಣಗಲಿಲ್ಲ’ ಎಂದು ಬರೆದಿದ್ದಳು. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುವಾಗ ಪ್ರತಿ ಗ್ರಾಂಗೆ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಬಣ್ಣ ರಂಧ್ರಗಳನ್ನು ಮುಚ್ಚಿದರೆ ಜಿನುಗುವಿಕೆ ನಿಲ್ಲುತ್ತದೆ, ಗಾಳಿಯಲ್ಲಿ ತೇವ ತುಂಬಿದ್ದರೆ ಆವಿಯಾಗುವಿಕೆಯೇ ಕುಂಠಿತವಾಗುತ್ತದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣತಾಮಾಪಕದಿಂದ ಗಾಳಿಯ ಆರ್ದ್ರತೆಯನ್ನು ಅಳೆಯುವ ಉಪಕರಣ ನಿಂತಿರುವುದು ಇದೇ ತತ್ತ್ವದ ಮೇಲೆ. ಆ ಮಗು ಯಾರ ನೆರವೂ ಇಲ್ಲದೆ ಅದರ ಹೊಸ್ತಿಲವರೆಗೆ ಬಂದು ನಿಂತಿತ್ತು. ಮೂರು ದಿನಗಳ ಅಂಕಿಗಳು ಸರಿಹೊಂದುವುದಿಲ್ಲ, ತೆಗೆದುಬಿಡು ಎಂದು ಮನೆಯಲ್ಲಿ ಹೇಳಿದ್ದರಂತೆ, ಅವಳು ಒಪ್ಪಿರಲಿಲ್ಲ. ಇಡೀ ಮೇಳದಲ್ಲಿ ವಿಜ್ಞಾನಕ್ಕೆ ತೀರ ಹತ್ತಿರವಾಗಿದ್ದ ಆ ಮೂರು ಸಾಲುಗಳನ್ನು ನಾನು ಓದಿರಲೇ ಇಲ್ಲ ಎಂಬ ನೋವು ಇಂದಿಗೂ ಇದೆ.

ಅಂದಿನಿಂದ ಯಾವ ಮೇಜಿಗೆ ಹೋದರೂ ಮಾದರಿಯನ್ನು ನೋಡುವ ಮೊದಲು ದಾಖಲೆಯ ಪುಸ್ತಕವನ್ನು ಕೇಳುತ್ತೇನೆ, ಮತ್ತು ‘ನೀನು ಅಂದುಕೊಂಡ ಹಾಗೆ ಆಗದೇ ಇದ್ದದ್ದು ಯಾವುದು?’ ಎಂದು ವಿಚಾರಿಸುತ್ತೇನೆ. ಕಂಠಪಾಠ ಮಾಡಿಕೊಂಡು ಬಂದ ಮಗು ಈ ಪ್ರಶ್ನೆಗೆ ತಡವರಿಸುತ್ತದೆ. ಸ್ವತಃ ಮಾಡಿದ ಮಗುವಿನ ಮುಖ ಅರಳಿ, ಒಡೆದ ಗಾಜು, ಕೊಳೆತ ಬೀಜ, ಬದಲಾಯಿಸಿದ ತಂತಿ ಎಲ್ಲವೂ ಒಂದೊಂದಾಗಿ ಹೊರಗೆ ಬರುತ್ತವೆ. ಅಂಗಡಿಯಿಂದ ತಂದ ಆರ್ಡುಯಿನೊ ಕಿಟ್ (ಬೇಕಾದಂತೆ ಪ್ರೋಗ್ರಾಂ ಮಾಡಬಹುದಾದ ಪುಟ್ಟ ಎಲೆಕ್ಟ್ರಾನಿಕ್ ಫಲಕ) ಕಂಡೊಡನೆ ಅಂಕ ಕಡಿತಗೊಳಿಸುವುದೂ ಅನ್ಯಾಯವೇ. ಗಿಡಕ್ಕೆ ತಾನಾಗಿಯೇ ನೀರು ಹಾಯಿಸುವ ಮಾದರಿಯಾದರೆ, ಮಣ್ಣಿನ ತೇವ ಎಷ್ಟಕ್ಕಿಳಿದಾಗ ಪಂಪು ಚಾಲೂ ಆಗಬೇಕೆಂಬುದನ್ನು ಹೇಗೆ ತೀರ್ಮಾನಿಸಿದೆ ಎಂದು ಕೇಳಿದರೆ ಅದು ಯಾರ ಕೆಲಸವೆಂಬುದು ತಾನಾಗಿಯೇ ತಿಳಿಯುತ್ತದೆ. ಪ್ರಶ್ನೆಗಳು ಮಗು ಕಲಿಯುವ ಭಾಷೆಯಲ್ಲಿರಬೇಕು. ಕನ್ನಡ ಮಾಧ್ಯಮದ ಮಗುವಿನಿಂದ ಇಂಗ್ಲಿಷ್ ವಿವರಣೆ ಬಯಸುವ ತೀರ್ಪುಗಾರರು ಅಳೆಯುತ್ತಿರುವುದು ಬೇರೆ ಏನನ್ನೋ.

ಪ್ರತಿ ವರ್ಷವೂ ತಪ್ಪದೆ ಬರುವುದು ‘ಇಂಧನವಿಲ್ಲದ ವಿದ್ಯುತ್’: ಮೋಟಾರು ಡೈನಮೊವನ್ನು ತಿರುಗಿಸುತ್ತದೆ, ಡೈನಮೊ ಮೋಟಾರಿಗೆ ವಿದ್ಯುತ್ ಕೊಡುತ್ತದೆ. ಶಕ್ತಿ ಸಂರಕ್ಷಣೆಯ ನಿಯಮಕ್ಕೆ ಇದು ವಿರುದ್ಧ ಎಂದು ಮಕ್ಕಳ ಗುಂಪಿನೆದುರು ತೀರ್ಪು ಕೊಡುವುದು ಸುಲಭ, ಆದರೆ ಅದರಿಂದ ಮಗು ಕಲಿಯುವುದು ಅವಮಾನವನ್ನು ಮಾತ್ರ. ಚಾಲೂ ಮಾಡಲು ಜೋಡಿಸಿದ ಬ್ಯಾಟರಿಯನ್ನು ತೆಗೆದು, ಗಡಿಯಾರ ಹಿಡಿದು, ಚಕ್ರ ಎಷ್ಟು ಸೆಕೆಂಡು ತಿರುಗುತ್ತದೆಂದು ಮಗುವಿನ ಕೈಯಲ್ಲೇ ಬರೆಸುತ್ತೇನೆ. ಚಕ್ರ ನಿಂತಾಗ, ಶಕ್ತಿ ಎಲ್ಲಿಗೆ ಹೋಯಿತೆಂದು ಮಗುವೇ ಕೇಳುತ್ತದೆ.

ಮೇಳದ ಉದ್ದೇಶವನ್ನು ಅರಿಯದೆ ಅಂಕ ಹಾಕಲೂಬಾರದು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ, ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಮೂಲಕ ಮಕ್ಕಳಿಗೆ ಪರಿಚಿತವಾದದ್ದು, ಊರಿನ ಸಮಸ್ಯೆಯೊಂದನ್ನು ಹಿಡಿದು ಅಧ್ಯಯನ ಮಾಡಲು ಹೇಳುತ್ತದೆ. ಶಾಲಾ ಮಕ್ಕಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಇನ್‌ಸ್ಪೈರ್ ಮಾನಕ್ ಯೋಜನೆ ಹೊಸ ಆಲೋಚನೆಯನ್ನು ಆರಿಸಿ, ಮಾದರಿ ತಯಾರಿಸಲು 10,000 ರೂಪಾಯಿ ಕೊಡುತ್ತದೆ. ಒಂದರಲ್ಲಿ ದತ್ತಾಂಶಕ್ಕೆ ತೂಕ, ಇನ್ನೊಂದರಲ್ಲಿ ಉಪಾಯಕ್ಕೆ. ಎರಡಕ್ಕೂ ಒಂದೇ ತಕ್ಕಡಿ ಹಿಡಿದರೆ ಮಕ್ಕಳಿಗೆ ಮೋಸವಾಗುತ್ತದೆ.

ಮೊದಲ ಸುತ್ತಿನಲ್ಲಿ ನಾನು ಅಂಕ ಹಾಕುವುದಿಲ್ಲ. ಮೊದಲು ಕಂಡ ಮೇಜಿಗೆ ಬಿಗಿ, ಊಟದ ನಂತರದ ಮೇಜಿಗೆ ಅವಸರ, ಇವು ನನ್ನಲ್ಲೇ ನಾನು ಗಮನಿಸಿದ ದೋಷಗಳು. ಜೊತೆಯ ತೀರ್ಪುಗಾರರೂ ನಾನೂ ಬೇರೆ ಬೇರೆಯಾಗಿ ಬರೆದು, ಹೆಚ್ಚು ಅಂತರವಿರುವ ಮೇಜುಗಳಿಗೆ ಒಟ್ಟಾಗಿ ಮರಳಿ ಹೋಗುತ್ತೇವೆ. ಫಲಿತಾಂಶ ಪ್ರಕಟವಾದ ಮೇಲೆ ಬಹುಮಾನ ಬಾರದವರ ಪುಸ್ತಕದಲ್ಲಿ, ಅವರು ಒಪ್ಪಿದರೆ, ಮುಂದೆ ಮಾಡಬಹುದಾದ ಒಂದು ಕೆಲಸವನ್ನು ಬರೆದು ಬರುತ್ತೇನೆ. ಕಳೆದ ಬಾರಿ ಎರಡೇ ಮೆಣಸಿನ ಗಿಡ ಬೆಳೆಸಿ ಒಂದಕ್ಕೆ ಗೋಮೂತ್ರ, ಇನ್ನೊಂದಕ್ಕೆ ಸಾದಾ ನೀರು ಹಾಕಿದ್ದ ಹುಡುಗನ ಪುಸ್ತಕದಲ್ಲಿ ‘ಹತ್ತು ಹತ್ತು ಗಿಡಗಳಿರಲಿ’ ಎಂದು ಬರೆದೆ. ಅವನು ಅದನ್ನು ಎರಡು ಸಲ ಓದಿ, ‘ಸರ್, ಹತ್ತನ್ನೂ ಒಂದೇ ಸಾಲಲ್ಲಿ ನೆಡಬೇಕಾ, ಇಲ್ಲ ಬೆರೆಸಿ ನೆಡಬೇಕಾ? ನಮ್ಮ ಹಿತ್ತಲಲ್ಲಿ ಒಂದು ಕಡೆಗೆ ಮಾತ್ರ ಬಿಸಿಲು ಬೀಳುತ್ತೆ’ ಎಂದು ಕೇಳಿದ.